ನೈಟ್ ಶಿಫ್ಟು, ನಾಟಿ ಕೆಲಸದ ನಡುವೆ ದೇವರಿಗೆ ಮೊದಲ ಜಾಗ: ಓದು, ಪ್ರಾರ್ಥನೆ, ಉಪವಾಸ, ಕಾಣಿಕೆ ಹೊಂದಿಸೋದು ಹೇಗೆ?

ತೋರಣಗಲ್ಲು ಶಿಫ್ಟಿನವ

ಎಲ್ಲರಿಗೂ ವಂದನೆಗಳು. ಸಭೆಯಲ್ಲಿ ಯಾವಾಗ್ಲೂ "ದೇವರಿಗೆ ಮೊದಲ ಸ್ಥಾನ ಕೊಡ್ರಿ, ಬೆಳಗಿನ ಜಾವ ಎದ್ದು ವಾಕ್ಯ ಓದ್ರಿ" ಅಂತಾರೆ. ಕಾರ್ಖಾನೆಯಲ್ಲಿ ಎ ಶಿಫ್ಟ್ ಬೆಳಿಗ್ಗೆ 6ಕ್ಕೆ, ಬಿ ಮಧ್ಯಾಹ್ನ 2ಕ್ಕೆ, ಸಿ ರಾತ್ರಿ 10ಕ್ಕೆ. ವಾರಕ್ಕೊಮ್ಮೆ ಬದಲಿ. ಸಿ ಶಿಫ್ಟಿನವರಿಗೆ ಬೆಳಗಿನ ಜಾವ ಅಂದ್ರೆ ಡ್ಯೂಟಿಯ ಕೊನೇ ಗಂಟೆ. ಇಂಥವರಿಗೆ ನಡೆಯೋ ಪದ್ಧತಿ ಯಾವುದು? ಎಷ್ಟು ಅಧ್ಯಾಯ, ಎಷ್ಟು ಹೊತ್ತು, ಯಾವ ಪುಸ್ತಕದಿಂದ ಶುರು, ಉಪವಾಸ, ದಶಮಾಂಶ, ಎಲ್ಲಾ ಸೇರಿಸಿ ಹೇಳ್ರಿ. "ಪ್ರಾರ್ಥನೆ ಮಾಡು ತಮ್ಮ, ಎಲ್ಲಾ ಸರಿಹೋಗುತ್ತೆ" ಅನ್ನೋ ಉತ್ತರ ಬೇಡ, ಅದು ಆಗಲೇ ಬೇಕಾದಷ್ಟು ಸಿಕ್ಕಿದೆ.

ಕೌಲ್ ಬಜಾರ್ ಓದುಗ

ಗಡಿಯಾರಕ್ಕೆ ಕಟ್ಟಬೇಡಿ, ದಿನಾ ತಪ್ಪದೆ ಮಾಡೋ ಒಂದು ಕೆಲಸಕ್ಕೆ ಕಟ್ಟಿ. ಎದ್ದು ಮುಖ ತೊಳೆದ ಮೇಲೆ, ಚಹಾಕ್ಕೆ ಮೊದಲು, ಮೊಬೈಲ್ ಮುಟ್ಟೋಕೆ ಮೊದಲು. ಎ ಶಿಫ್ಟಿನಲ್ಲಿ ಅದು ನಸುಕಿನ 4 ಗಂಟೆಗೆ ಬರುತ್ತೆ, ಸಿ ಶಿಫ್ಟಿನಲ್ಲಿ ಮಧ್ಯಾಹ್ನ 2ಕ್ಕೆ. ಎರಡೂ ನಿಮ್ಮ ದಿನದ ಮೊದಲ ಗಂಟೆಯೇ.

ಬೆಳಗಿನ ಜಾವದ ಬಗ್ಗೆ ಎಲ್ಲರೂ ತೆಗೆಯೋ ವಾಕ್ಯ ಮಾರ್ಕ 1:35, ಇನ್ನೂ ಕತ್ತಲಿರುವಾಗ ಯೇಸು ಎದ್ದು ಏಕಾಂತ ಸ್ಥಳಕ್ಕೆ ಹೋದದ್ದು. ಹಾಗೇ 32ನೇ ವಚನದಿಂದ ಓದಿ. ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಿಗೆ ಬಂದು ನಿಂತಿತ್ತು. ಬೆಳಗಾದ್ರೆ ಮತ್ತೆ ಎಲ್ಲರೂ ಹುಡುಕಿಕೊಂಡು ಬರೋರು. ಜನರು ಬರೋಕೆ ಮುಂಚೆ ಸಿಗೋ ಬಿಡುವನ್ನ ಆತ ತಂದೆಗೆ ಕೊಟ್ಟ. ನಿಮ್ಮ ಪಾಳಿಯಲ್ಲಿ ಅಂಥ ಬಿಡುವು ಎಲ್ಲಿದೆ ಅಂತ ನೋಡಿ.

ಸಿ ಶಿಫ್ಟಿನ ವಾರಕ್ಕೆ ಓದನ್ನ ಎರಡು ತುಂಡು ಮಾಡಿ. ಡ್ಯೂಟಿಗೆ ಹೊರಡೋವಾಗ ಕೀರ್ತನೆ 121, ಎಂಟೇ ವಚನ, ತೂಕಡಿಸದ ನಿದ್ರಿಸದ ದೇವರ ಬಗ್ಗೆ. ಬೆಳಿಗ್ಗೆ ಬಂದು ಮಲಗೋ ಮುಂಚೆ ಕೀರ್ತನೆ 4, ಅದೂ ಎಂಟೇ ವಚನ. ಇವೆರಡೂ ಒಂದೇ ವಾರದಲ್ಲಿ ಬಾಯಿಪಾಠ ಆಗುತ್ತವೆ. ರಾತ್ರಿ ಕೆಲಸದವರಿಗೆಂದೇ ಬರೆದ ಹಾಗಿರೋ 134 ಇನ್ನೂ ಚಿಕ್ಕದು, ಮೂರು ವಚನ: ರಾತ್ರಿ ಹೊತ್ತು ದೇವರ ಆಲಯದಲ್ಲಿ ನಿಂತು ಸೇವೆ ಮಾಡೋರಿಗೆ ಹೇಳಿದ್ದು. ಮುಖ್ಯ ಓದು ಮಾತ್ರ ನಿದ್ದೆ ಮುಗಿಸಿ ಎದ್ದ ಮೇಲೆ. ಪಾಳಿ ಮುಗಿಸಿ ಬಂದ ಕೂಡಲೇ ಮೂರು ಅಧ್ಯಾಯ ಓದ್ತೀನಿ ಅಂತ ಕೂತ್ರೆ ಎರಡನೇ ಪುಟಕ್ಕೆ ಕಣ್ಣು ಮುಚ್ಚುತ್ತೆ, ಎದ್ದಾಗ ತಪ್ಪು ಮಾಡಿದ ಭಾವನೆ ಬೇರೆ.

ಮಾನ್ವಿ ಹುಡುಗ

ಅಣ್ಣಾ, ಒಂದು ವರ್ಷದಾಗ ಪೂರ್ತಿ ಬೈಬಲ್ ಮುಗಿಸಬೇಕು ಅಂದ್ರ ದಿನಾ ಎಷ್ಟು ಓದಬೇಕು? ಎಲ್ಲರೂ ಜನವರಿದಾಗ ಶುರು ಮಾಡ್ತಾರ, ಯಾರೂ ಮುಗಿಸಿದ್ದು ಕಾಣವಲ್ದು.

ಕೌಲ್ ಬಜಾರ್ ಓದುಗ

ಲೆಕ್ಕ ಸುಲಭ. ನಮ್ಮ 66 ಪುಸ್ತಕಗಳಲ್ಲಿ ಒಟ್ಟು 1189 ಅಧ್ಯಾಯ. ಸೋಮವಾರದಿಂದ ಶನಿವಾರ ದಿನಕ್ಕೆ 3, ಭಾನುವಾರ 5 ಓದಿದ್ರೆ ವಾರಕ್ಕೆ 23. 52 ವಾರಕ್ಕೆ 1196. ಏಳು ಅಧ್ಯಾಯ ಉಳಿತಾಯವೇ ಆಗುತ್ತೆ.

ಎಲ್ಲಿ ನಿಲ್ಲುತ್ತೆ ಅನ್ನೋದಕ್ಕೂ ಲೆಕ್ಕ ಇದೆ. ಆದಿಕಾಂಡ 50, ವಿಮೋಚನಕಾಂಡ 40, ಎರಡೂ ಸೇರಿ 90. ವಾರಕ್ಕೆ 23ರಂತೆ ನಾಲ್ಕು ವಾರ. ಅಂದ್ರೆ ಜನವರಿ ಕೊನೆಗೆ ಸರಿಯಾಗಿ ಯಾಜಕಕಾಂಡದ ಬಾಗಿಲಿಗೆ ಬಂದಿರ್ತೀರಿ. ಮುಂದೆ 27 ಅಧ್ಯಾಯ: ಹೋಮ, ಕೊಬ್ಬು, ಕುಷ್ಠ, ಮೈಲಿಗೆ. ಹೊಸಬರ ಓದು ಅಲ್ಲೇ ಸಾಯೋದು. ಅದರ ಜೊತೆ ಇಬ್ರಿಯರಿಗೆ ಬರೆದ ಪತ್ರಿಕೆ ಇಟ್ಟುಕೊಂಡ್ರೆ, 13 ಅಧ್ಯಾಯ, ಯಾಜಕ ಅಂದ್ರೇನು ಬಲಿ ಯಾಕೆ ಅನ್ನೋದು ಬಿಡಿಸಿ ತಿಳಿಯುತ್ತೆ, ಓದು ಮುಂದೆ ಸಾಗುತ್ತೆ.

ಇನ್ನೊಂದು ಕಾರಣ ಬಾಕಿ ತೀರಿಸೋ ಹಟ. ಮೂರು ದಿನ ತಪ್ಪಿದ್ರೆ ನಾಲ್ಕನೇ ದಿನ 12 ಅಧ್ಯಾಯ ಬೀಳುತ್ತೆ. ಅದು ಆಗಲ್ಲ, ಐದನೇ ದಿನಕ್ಕೆ 15, ಆಮೇಲೆ ಪುಸ್ತಕವೇ ಮುಚ್ಚುತ್ತೆ. ತಪ್ಪಿದ್ದನ್ನ ಬಿಡಿ. ಇವತ್ತಿನ ಪಾಲು ಇವತ್ತು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನಾ ಕೊಟ್ಟ ಆಹಾರ ಮನ್ನ, ಅದರ ವಿಷಯದಲ್ಲಿ ಇಟ್ಟ ನಿಯಮವೂ ಇದೇ ತಾನೇ, ವಿಮೋಚನಕಾಂಡ 16: ತಲೆಗೆ ಒಂದು ಓಮೆರ್ (ಆ ಕಾಲದ ಅಳತೆ), ನಾಳೆಗೆ ಅಂತ ಇಟ್ಟದ್ದು ಹುಳ ಬಿದ್ದು ನಾತ ಹೊಡೀತು, ಬಿಸಿಲು ಏರಿದ ಮೇಲೆ ಹೋದವರಿಗೆ ಕರಗಿ ಹೋಗಿತ್ತು. ಆರನೇ ದಿನ ಮಾತ್ರ ಎರಡು ಓಮೆರ್. ವಾರಪೂರ್ತಿ ಓದದೆ ಭಾನುವಾರದ ಪ್ರಸಂಗ ಒಂದರಲ್ಲೇ ಹೊಟ್ಟೆ ತುಂಬಿಸ್ಕೊಳ್ಳೋರು ಆ ಅಧ್ಯಾಯವನ್ನ ಒಮ್ಮೆ ನಿಧಾನವಾಗಿ ಓದಬೇಕು.

ಗಂಗಾವತಿ ಅಕ್ಕ

ನಿಮ್ಮ ಲೆಕ್ಕ ಚಂದ ಐತಿ ಬ್ರದರ್, ಆದ್ರ ಇದು ಗಂಡಸರ ಲೆಕ್ಕ. ನಾಟಿ ದಿನದಾಗ ಹೆಣ್ಮಕ್ಕಳು ಕತ್ತಲಿದ್ದಾಗ ರೊಟ್ಟಿ ಬಡಿದು ಬುತ್ತಿ ಕಟ್ಟಿ ಬೆಳಕು ಹರಿಯೋದ್ರಾಗ ಗದ್ದಿಗೆ ಇಳೀಬೇಕು. ಬಗ್ಗಿ ನಾಟಿ ಹಚ್ಚಿ ಸಂಜಿಗೆ ಮನಿಗೆ ಬಂದವಳಿಗೆ ಮೂರು ಅಧ್ಯಾಯ ಎಲ್ಲಿಂದ ಬರ್ಬೇಕ್ರಿ? ಎಷ್ಟೋ ಮಂದಿಗೆ ಓದಾಕೂ ಬರಂಗಿಲ್ಲ. ಅವರು ದೇವರಿಗೆ ಎರಡನೇ ಜಾಗ ಕೊಟ್ಟಾರ ಅನ್ನಾಕ ಆಗ್ತೇತೇನು?

ಓದಾಕ ಬರದವರಿಗೆ ಕೇಳೋ ಬೈಬಲ್ ಐತಿ, ಮೊಬೈಲಿಗೆ ಇಳಿಸಿಕೊಂಡ್ರ ನೆಟ್ ಇಲ್ಲದಾಗಲೂ ನಡಿತೈತಿ. ಆದ್ರ ಅದನ್ನ ಬಳಸೋ ರೀತಿ ಐತಿ. ರೊಟ್ಟಿ ಬಡಿಯೋ ಹೊತ್ತಿನಾಗ ಹಚ್ಚಿಟ್ರ ಹಾಡಿನಂಗ ಕಿವಿಗೆ ಬೀಳ್ತೈತಿ, ಮನಸ್ಸಿಗೆ ಇಳಿಯಂಗಿಲ್ಲ. ಒಂದೇ ಅಧ್ಯಾಯ, ಅದೂ ಸಣ್ಣದು, ಎರಡು ಸಲ ಕೇಳ್ರಿ. ಮೊದಲ ಸಲ ಕೆಲಸ ಮಾಡ್ಕೊಂತ, ಎರಡನೇ ಸಲ ಕುಂತು. ಆಮ್ಯಾಲ ಗದ್ದಿಗೆ ಹೋಗೋ ದಾರಿಯಾಗ ಜೋಡಿ ಇದ್ದಾಕಿಗೆ ಏನು ಕೇಳಿದೆ ಅಂತ ಹೇಳ್ರಿ. ಹಿಂಗ ಬಾಯಿ ಬಿಟ್ಟು ಹೇಳಿದ್ದು ಮರೆಯಂಗಿಲ್ಲ. ವಾರ ಪೂರ್ತಿ ಅದೇ ಅಧ್ಯಾಯ ಆದ್ರೂ ತಪ್ಪೇನಿಲ್ಲ.

ಕೊಪ್ಪಳ ಮೇಷ್ಟ್ರು

ಗಂಗಾವತಿ ಅಕ್ಕನವರ ಮಾತಿಗೆ ನನ್ನದೂ ಸಹಿ. ಅಧ್ಯಾಯ ಎಣಿಸೋದು ಒಂದು ರೀತಿ, ಅಗಿದು ತಿನ್ನೋದು ಇನ್ನೊಂದು ರೀತಿ. ವರ್ಷದ ಯೋಜನೆ ಬೈಬಲ್‌ನ ಪರಿಚಯಕ್ಕೆ ಒಳ್ಳೆಯದು. ಆತ್ಮಕ್ಕೆ ಪೋಷಣೆ ಸಿಗೋದು ಹತ್ತು ಹದಿನೈದು ವಚನ ನಿಧಾನವಾಗಿ ಓದಿದಾಗಲೇ.

ಮಾಡೋ ವಿಧಾನ ಹೀಗೆ. ಒಂದು ಭಾಗ ಆರಿಸಿ, ಉದಾಹರಣೆಗೆ ಲೂಕ 10:38ರಿಂದ 42, ಮನೆಗೆ ಬಂದ ಯೇಸುವಿನ ಉಪಚಾರದಲ್ಲೇ ಮುಳುಗಿದ ಮಾರ್ಥ, ಆತನ ಪಾದದ ಹತ್ತಿರ ಕೂತು ಕೇಳಿದ ತಂಗಿ ಮರಿಯ, ಇವರದ್ದು. ಮೊದಲ ಓದು ಗಟ್ಟಿಯಾಗಿ, ತುಟಿ ಅಲ್ಲಾಡಬೇಕು. ಎರಡನೇ ಓದಿನಲ್ಲಿ ಯಾರು ಯಾರಿಗೆ ಹೇಳ್ತಿದ್ದಾರೆ, ಅದಕ್ಕೆ ಮುಂಚೆ ಏನಾಗಿತ್ತು ಅಂತ ನೋಡಿ. ಇಲ್ಲಿ ಮುಂಚೆ ಬರೋದು ಒಳ್ಳೆಯ ಸಮಾರ್ಯದವನ ಸಾಮ್ಯ, ಅಂದ್ರೆ ಸೇವೆ ಮಾಡು ಅಂದ ಬೆನ್ನಿಗೇ ಕೂತು ಕೇಳು ಅನ್ನೋ ಮಾತು. ಎರಡನ್ನೂ ಒಟ್ಟಿಗೆ ಓದದಿದ್ರೆ ಅಡಿಗೆಮನೆಯವರನ್ನ ಬೈಯೋದಕ್ಕೇ ಆ ಭಾಗ ಬಳಕೆಯಾಗುತ್ತೆ, ನಮ್ಮ ಸಭೆಗಳಲ್ಲಿ ಆಗ್ತಿರೋದೂ ಅದೇ. ಮೂರನೇ ಓದಿನಲ್ಲಿ ಒಂದೇ ವಾಕ್ಯ ಹಿಡಿದು ಅದನ್ನೇ ಪ್ರಾರ್ಥನೆಯಾಗಿ ತಿರುಗಿಸಿ ಹೇಳಿ. ಇಷ್ಟಕ್ಕೆ 15 ನಿಮಿಷ ಸಾಕು. ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಖು ಹಾಕಿ. ಪೆನ್ ಬೇಡ, ಬೈಬಲ್ ಕಾಗದ ತೆಳು, ಮಸಿ ಹಿಂದಿನ ಪುಟಕ್ಕೆ ಇಳಿಯುತ್ತೆ.

ಸಿಂಧನೂರು ಕ್ಯಾಂಪ್

ನಮ್ಮ ಕಡಿ ಇನ್ನೊಂದು ತೊಂದರೆ ಅದ. ಮನಿಯಾಗ ತೆಲುಗು, ಸಾಲ್ಯಾಗ ಕನ್ನಡ ಇಲ್ಲಾ ಇಂಗ್ಲಿಷು. ಅಜ್ಜ ತೆಲುಗು ಬೈಬಲ್ ಹಿಡೀತಾನ, ಹುಡುಗರಿಗೆ ಆ ಅಕ್ಷರ ಬರಲ್ಲ. ಕುಟುಂಬ ಪ್ರಾರ್ಥನೆ ಅಂದ್ರ ಮಕ್ಕಳು ಗೋಡಿ ನೋಡ್ಕೊಂತ ಕೂಡ್ತಾವ.

ಕೊಪ್ಪಳ ಮೇಷ್ಟ್ರು

ಒಂದೇ ಭಾಗವನ್ನ ಎರಡು ಭಾಷೆಯಲ್ಲಿ ಓದಿಸಿ. ಅಜ್ಜ ತೆಲುಗಿನಲ್ಲಿ, ಮೊಮ್ಮಗ ಕನ್ನಡದಲ್ಲಿ. ಪ್ರಾರ್ಥನೆ ಮಾತ್ರ ಯಾರಿಗೆ ಯಾವ ಮಾತು ಬಾಯಿಗೆ ಬರುತ್ತೋ ಅದರಲ್ಲೇ. ಹಳೆಯ ಕನ್ನಡ ಅನುವಾದ ಮಕ್ಕಳಿಗೆ ಕಷ್ಟವಾದ್ರೆ ಸರಳ ಭಾಷೆಯ ಅನುವಾದ ಪಕ್ಕದಲ್ಲಿಟ್ಟುಕೊಳ್ಳಿ, ಅದರಿಂದ ಭಕ್ತಿ ಏನೂ ಕಡಿಮೆಯಾಗಲ್ಲ. ಜನರಿಗೆ ತಿಳಿಯೋ ಮಾತಿನಲ್ಲಿ ವಾಕ್ಯ ಕೊಡೋ ಕೆಲಸ ನಮ್ಮ ಬಳ್ಳಾರಿಗೆ ಹೊಸದಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲೇ ಕೂತು ಕನ್ನಡ ಕಲಿತು ಅನುವಾದಕ್ಕೆ ಕೈ ಹಾಕಿದವರು. ಪೂರ್ತಿ ಬೈಬಲ್ ಕನ್ನಡಕ್ಕೆ ಬರೋ ಹೊತ್ತಿಗೆ 1831 ಆಗಿತ್ತು. ನೆಹೆಮೀಯ 8:8ರಲ್ಲೂ ಅಷ್ಟೇ, ಬರೀ ಓದಲಿಲ್ಲ, ಜನರಿಗೆ ಅರ್ಥವಾಗೋ ಹಾಗೆ ಬಿಡಿಸಿ ಹೇಳಿದರು.

ಕುಟುಂಬ ಪ್ರಾರ್ಥನೆ ಕೆಡೋದು ಉದ್ದವಾದಾಗ. 15 ನಿಮಿಷ ದಾಟಬಾರದು. ಒಂದು ಹಾಡು, ಎರಡು ಚರಣ ಸಾಕು. ಹತ್ತು ವಚನ. ಮಕ್ಕಳಿಗೆ ಒಂದು ಪ್ರಶ್ನೆ: "ಇದರಲ್ಲಿ ದೇವರು ಏನು ಮಾಡಿದ?" ಅಂತ. "ನೀನು ಏನು ಪಾಠ ಕಲಿತೆ" ಅಂತ ಕೇಳಿದ್ರೆ ಅವರು ನಿಮಗೆ ಬೇಕಾದ ಉತ್ತರ ಹೇಳಿ ಕೈ ತೊಳ್ಕೋತಾರೆ. ಆಮೇಲೆ ಪ್ರತಿಯೊಬ್ಬರದ್ದೂ ಒಂದೊಂದೇ ವಾಕ್ಯದ ಪ್ರಾರ್ಥನೆ, ಕೊನೆಗೆ ಕರ್ತನು ಕಲಿಸಿದ ಪ್ರಾರ್ಥನೆ ಎಲ್ಲರೂ ಸೇರಿ. ಊಟಕ್ಕೆ ಮುಂಚೆಯೇ ಮುಗಿಸಿ. ಊಟ ಆದ ಮೇಲೆ ಇಟ್ಟ ಮನೆಗಳಲ್ಲಿ ಚಿಕ್ಕವು ಮಲಗಿರ್ತಾವೆ, ದೊಡ್ಡವರು ಆಕಳಿಸ್ತಿರ್ತಾರೆ. ಮತ್ತೆ ಅಪ್ಪ ಆದವನು ಪ್ರಾರ್ಥನೆಯ ಹೆಸರಲ್ಲಿ ಮಗನ ಮಾರ್ಕ್ಸ್ ಕಾರ್ಡಿನ ದೂರನ್ನ ದೇವರಿಗೆ ಒಪ್ಪಿಸಬಾರದು. ಇದು ಎಲ್ಲಾ ಮನೆಯಲ್ಲೂ ನಡೆಯೋ ಅನ್ಯಾಯ.

ಮಾನ್ವಿ ಹುಡುಗ

😂 ಕಡೀ ಮಾತು ನೂರಕ್ಕ ನೂರು ಖರೆ ಮೇಷ್ಟ್ರೇ.

ಇನ್ನೊಂದು ಕೇಳ್ತೀನಿ. ಹೊಸ ವರ್ಷದ ರಾತ್ರಿ ಆರಾಧನಿ ಮುಗಿದ ಮ್ಯಾಲ ಆ ವರ್ಷಕ್ಕಂತ ಒಂದು ಬೈಬಲ್ ವಾಕ್ಯ ಬರೆದ ವಾಗ್ದಾನದ ಕಾರ್ಡ್ ಕೊಡ್ತಾರಲ್ಲ, ಅದನ್ನ ಬಾಗಿಲಿಗೆ ಅಂಟಿಸಿ ವರ್ಷ ಪೂರ್ತಿ ಅದನ್ನೇ ನಂಬಿದ್ರ ಸಾಕಲ್ಲ?

ಕೌಲ್ ಬಜಾರ್ ಓದುಗ

ಸಾಲದು. ಆ ಕಾರ್ಡುಗಳಲ್ಲಿ ಎಲ್ಲರಿಗೂ ಇಷ್ಟವಾಗೋ ವಾಕ್ಯ ಯೆರೆಮೀಯ 29:11, ಒಳ್ಳೆಯ ಭವಿಷ್ಯ, ನಿರೀಕ್ಷೆ ಅನ್ನೋದು. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಮಾತು. ಅದರ ಹಿಂದಿನ ವಚನದಲ್ಲೇ 70 ವರ್ಷ ಆಗಬೇಕು ಅಂತಿದೆ. 5ರಿಂದ 7ರವರೆಗೆ ಮನೆ ಕಟ್ಟಿ, ತೋಟ ಹಾಕಿ, ಸೆರೆಯಾಗಿ ಬಂದ ಊರಿನ ಕ್ಷೇಮಕ್ಕೇ ಪ್ರಾರ್ಥನೆ ಮಾಡಿ ಅಂತಿದೆ. ಕಾರ್ಡಿನಲ್ಲಿ ಅದ್ಯಾವುದೂ ಹಿಡಿಸಲ್ಲ. ಈ ವರ್ಷವೇ ಸೈಟ್ ಸಿಗುತ್ತೆ, ಕೆಲಸ ಪರ್ಮನೆಂಟ್ ಆಗುತ್ತೆ ಅಂತ ಓದಿಕೊಂಡವರು ಡಿಸೆಂಬರ್‌ಗೆ ದೇವರ ಮೇಲೇ ಮುನಿಸಿಕೊಳ್ತಾರೆ.

ಸಿಂಧನೂರು ಕ್ಯಾಂಪ್

ಅಷ್ಟು ಕಟುವಾಗಿ ಅನ್ನಬ್ಯಾಡ್ರಿ ಅಣ್ಣಾ. ಬೈಬಲ್ ತೆಗೆಯದ ಮನಿಯಾಗ ಗೋಡಿ ಮ್ಯಾಲ ಒಂದು ವಾಕ್ಯ ಆದ್ರೂ ಕಾಣ್ತದ. ಮುದುಕರಿಗೆ ಅದೇ ಆಸರ.

ಕೌಲ್ ಬಜಾರ್ ಓದುಗ

ಆಗಲಿ, ಗೋಡೆಗೆ ಹಾಕಿ. ಹಾಕೋ ದಿನ ಆ ಇಡೀ ಅಧ್ಯಾಯ ಮನೆಮಂದಿಗೆಲ್ಲ ಕೇಳೋ ಹಾಗೆ ಒಮ್ಮೆ ಓದಿ. ಅಷ್ಟೇ ನನ್ನ ತಕರಾರು.

ಲಿಂಗಸುಗೂರು ನರ್ಸಮ್ಮ

ಉಪವಾಸದ ಬಗ್ಗೆ ಯಾರೂ ಬರೆದಿಲ್ಲ, ನಾನು ಹೇಳ್ತೀನಿ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ಗಣಿ, ಕುಲುಮೆ, ಹೊಲದಲ್ಲಿ ದುಡಿಯೋರು ನೀರೂ ಮುಟ್ಟದೆ ಉಪವಾಸ ಮಾಡಿದ್ರೆ ಸಂಜೆಗೆ ಡ್ರಿಪ್ ಹಾಕಿಸ್ಕೋಬೇಕಾಗುತ್ತೆ. ನೀರು ಬಿಡಬೇಡಿ. ಬೆವರು ಸುರಿಯೋ ಕೆಲಸ ಇದ್ರೆ ಉಪ್ಪು ಹಾಕಿದ ಮಜ್ಜಿಗೆನೂ ಬಿಡಬೇಡಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಡಾಕ್ಟರ್ ಕೇಳದೆ ಊಟ ಬಿಡಲೇಬಾರದು. ಮಾತ್ರೆ ತಗೊಂಡು ಊಟ ಬಿಟ್ರೆ ಶುಗರ್ ಇಳಿದು ತಲೆ ಸುತ್ತಿ ಬೀಳ್ತಾರೆ. ಅಲ್ಲಿ ಪ್ರಾರ್ಥನೆ ಮಾಡೋರು "ಆತ್ಮ ಇಳಿದುಬಂತು" ಅಂತಾರೆ, ಇಳಿದದ್ದು ಶುಗರ್. ಬಸುರಿಯರು, ಹಾಲೂಡಿಸೋರು, ಟಿಬಿ ಮಾತ್ರೆಯವರು ಊಟದ ಬದಲು ಬೇರೆ ಏನಾದರೂ ಬಿಡಲಿ. ಮೊಬೈಲ್, ಧಾರಾವಾಹಿ, ಬೇಕಾದಷ್ಟಿದೆ.

ಆರೋಗ್ಯ ಇದ್ದವರು ಶುರು ಮಾಡೋದು ಹೀಗೆ: ವಾರಕ್ಕೆ ಒಂದು ದಿನ ಮಧ್ಯಾಹ್ನದ ಊಟ ಮಾತ್ರ ಬಿಡೋದು. ಆ ಊಟದ ಅರ್ಧ ಗಂಟೆ ಪ್ರಾರ್ಥನೆಗೆ ಹೋಗಬೇಕು, ಇಲ್ಲಾಂದ್ರೆ ಅದು ಬರೀ ಹಸಿವು. ಊಟ ಮಾಡದ ದುಡ್ಡು ಹಸಿದವರಿಗೆ ಹೋಗಬೇಕು, ಯೆಶಾಯ 58:7ರಲ್ಲಿ ಉಪವಾಸ ಅಂತ ಕರೆದದ್ದೇ ಅದನ್ನ. ಮುರಿಯೋವಾಗ ಗಂಜಿ ಅಥವಾ ಅಂಬಲಿ ಮೊದಲು, ಅರ್ಧ ಗಂಟೆ ಬಿಟ್ಟು ಊಟ. ಉಪವಾಸ ಕೂಟ ಮುಗಿದ ಕೂಡಲೇ ಮಿರ್ಚಿ ಬಜಿ ಮಂಡಕ್ಕಿ ಕೊಡೋ ಪದ್ಧತಿ ಇದೆಯಲ್ಲ, ಖಾಲಿ ಹೊಟ್ಟೆಗೆ ಅದು ಬೆಂಕಿ. ಸಿ ಶಿಫ್ಟಿನವರು ಡ್ಯೂಟಿ ದಿನ ಬೇಡ, ವಾರದ ರಜೆಯ ದಿನ ಇಟ್ಟುಕೊಳ್ಳಿ.

ಔಷಧಿ ಬಿಟ್ಟು ನಂಬಿಕೆ ತೋರಿಸು ಅನ್ನೋರ ಮಾತು ಕೇಳಬೇಡಿ. ಟಿಬಿ ಮಾತ್ರೆ ನಡುವೆ ನಿಲ್ಲಿಸಿದ್ರೆ ರೋಗ ಔಷಧಿಗೆ ಬಗ್ಗದ ಹಾಗೆ ಬಲಿಯುತ್ತೆ. ಸುವಾರ್ತೆ ಬರೆದ ಲೂಕನೇ ವೈದ್ಯ, ಕೊಲೊಸ್ಸೆ 4:14.

ರಾಯಚೂರು ಕಥೋಲಿಕ

ನಮ್ಮಲ್ಲಿ ಇದಕ್ಕ ಅಳತಿ ಇಟ್ಟಾರ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಕಡ್ಡಾಯ ಉಪವಾಸ, 18 ತುಂಬಿದವರಿಂದ 59ರವರಿಗೆ. ಒಂದು ಪೂರ್ತಿ ಊಟ, ಅದರ ಜೋಡಿ ಎರಡು ಸಣ್ಣವು, ಎರಡೂ ಕೂಡಿದ್ರ ಒಂದು ಊಟ ಆಗಬಾರದು. ಜಡ್ಡಾದವರಿಗೆ ವಿನಾಯಿತಿ. ಪರಮಪ್ರಸಾದಕ್ಕ (ಪೂಜೆಯಾಗ ತಗೊಳ್ಳೋ ಪವಿತ್ರ ರೊಟ್ಟಿ) ಒಂದು ತಾಸು ಮುಂಚೆ ಏನೂ ತಿನ್ನಬಾರದು, ಆದ್ರ ನೀರು, ಔಷಧಿಗೆ ಅಡ್ಡಿ ಇಲ್ಲ.

ಭಾನುವಾರ ಡ್ಯೂಟಿ ಬಿದ್ದವರು ಶನಿವಾರ ಸಂಜೆಯ ಬಲಿಪೂಜೆಗೆ ಹೋದ್ರ ಭಾನುವಾರದ ಲೆಕ್ಕಕ್ಕ ಬರ್ತದ. ದಿನದ ಓದಿಗೆ ಅಂದ್ರ ಪೂಜೆಯ ಪಂಚಾಂಗದಾಗ ಆ ದಿನಕ್ಕ ಗೊತ್ತು ಮಾಡಿದ ಶುಭಸಂದೇಶ ಇರ್ತದ. ಏನು ಓದಬೇಕು ಅಂತ ಹುಡುಕೋ ಕೆಲಸನೇ ಇಲ್ಲ. ನಿಮ್ಮ ಪಂಗಡದವರೂ ಅದನ್ನ ಓದಬಹುದು, ಯಾರೂ ಕಾಯ್ದೆ ಕೇಳಲ್ಲ 🙂

ತೋರಣಗಲ್ಲು ಶಿಫ್ಟಿನವ

ತುಂಬಾ ಉಪಕಾರ ಆಯ್ತು. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಶನಿವಾರದ ಆರಾಧನೆ ಎಲ್ಲಾ ಕಡೆ ಇರಲ್ಲ. ಮತ್ತೆ ದಶಮಾಂಶ? ಕೈಗೆ ಬರೋದರಲ್ಲಿ ಪಿಎಫ್, ಸಾಲದ ಕಂತು, ಸಂಘದ ಕಂತು ಹೋಗಿ ಉಳಿಯೋದು ಸ್ವಲ್ಪ.

ಕೌಲ್ ಬಜಾರ್ ಓದುಗ

ಆರಾಧನೆಗೆ: ಭಾನುವಾರ ಬೆಳಿಗ್ಗೆ ಸಿಗದಿದ್ರೆ ಸಂಜೆ ಕೂಟ, ಅದೂ ಇಲ್ಲದಿದ್ರೆ ವಾರದ ನಡುವಿನ ಮನೆ ಪ್ರಾರ್ಥನೆ ಗಟ್ಟಿ ಹಿಡಿಯಿರಿ. ಫೋನಿನಲ್ಲಿ ಪ್ರಸಂಗ ಕೇಳೋದು ಅದರ ಬದಲಿಗೆ ಆಗಲ್ಲ. ಅಲ್ಲಿ ನಿಮ್ಮ ಹೆಸರು ಹಿಡಿದು ಯಾಕೆ ಬರಲಿಲ್ಲ ಅಂತ ಕೇಳೋರು ಇರಲ್ಲ. ಪಾಸ್ಟರ್ ಅಯ್ಯನವರಿಗೆ ನಿಮ್ಮ ತಿಂಗಳ ಶಿಫ್ಟ್ ಪಟ್ಟಿ ಕೊಟ್ಟುಬಿಡಿ, ಕರ್ತನ ಭೋಜನದ ಭಾನುವಾರ ಹೊಂದಿಸಿಕೊಳ್ಳೋಕೆ ಅನುಕೂಲ.

ಕಾಣಿಕೆಗೆ: 1 ಕೊರಿಂಥ 16:2ರ ಮಾತು, ವಾರದ ಮೊದಲನೇ ದಿನ ಬರುವಂಥದರ ಮೇರೆಗೆ ತೆಗೆದಿಡೋದು. ಜೀನ್ಸ್ ಹೊಲಿಗೆಯವರ ಹಾಗೆ ವಾರದ ಬಟವಾಡೆ ಇದ್ದವರಿಗೆ ಇದು ಸಲೀಸು. ಪಗಾರ ಆದ ದಿನವೇ ಬೇರೆ ಲಕೋಟೆಗೆ ಹಾಕಿ. ತಿಂಗಳ ಕೊನೆಗೆ ಉಳಿದದ್ದರಲ್ಲಿ ಕೊಡ್ತೀನಿ ಅಂದ್ರೆ ಉಳಿಯಲ್ಲ. ಸಾಲ ಇರೋರು ಹತ್ತರಲ್ಲಿ ಒಂದು ಆಗದಿದ್ರೆ ನೂರಕ್ಕೆ ಎರಡರಿಂದ ಶುರು ಮಾಡಿ, ಒಂದು ಸಾಲ ತೀರಿದ ಹಾಗೆ ಏರಿಸ್ತಾ ಹೋಗಿ. ಬಡ್ಡಿಗೆ ತಂದು ಕೊಡಬೇಡಿ. 2 ಕೊರಿಂಥ 9:7 ಬೇಸರದಿಂದಾಗಲಿ ಬಲವಂತದಿಂದಾಗಲಿ ಬೇಡ ಅನ್ನುತ್ತೆ.

ಸಿಂಧನೂರು ಕ್ಯಾಂಪ್

ಅಲ್ಲಾರೀ, ಹತ್ತರಾಗ ಒಂದು ಅಂತ ಮಲಾಕಿ 3:10ರಾಗ ಬರದದ್ದು ನೂರಕ್ಕ ಎರಡು ಯಾವಾಗ ಆಯ್ತು? ದೇವರದ್ದು ಮೊದಲು ತಗದು ಆಮ್ಯಾಲ ಸಾಲ ನೋಡಬೇಕು.

ರೈತರಿಗೆ ಬ್ಯಾರೆ ಗೊಂದಲ. 60 ಚೀಲ ನೆಲ್ಲು ಬಂತು ಅಂತ ತಿಳ್ಕೊಳ್ರಿ. ಗುತ್ತಿಗಿಗೆ 20 ಹೋತು, ಗೊಬ್ಬರ ಎಣ್ಣಿ ಕೂಲಿಗೆ 25 ಚೀಲದ ರೊಕ್ಕ ಹೋತು, ಉಳಿದದ್ದು 15. ದಶಮಾಂಶ 6 ಚೀಲನೋ, ಒಂದೂವರಿನೋ? ನಾನು ಅನ್ನೋದು ಗುತ್ತಿಗಿ ತಗದು 40ಕ್ಕ 4. ಭೂಮಿಯವನ ಪಾಲು ನಿನ್ನ ಬೆಳಿ ಅಲ್ಲ, ಗೊಬ್ಬರದ ಖರ್ಚು ಮಾತ್ರ ನಿಂದೇ.

ಕೊಪ್ಪಳ ಮೇಷ್ಟ್ರು

ಲೆಕ್ಕ ಒಪ್ಪಬಹುದು. ಆದರೆ ಧರ್ಮೋಪದೇಶಕಾಂಡ 14:28, 29 ಕೂಡ ನೋಡಿ. ಮೂರನೇ ವರ್ಷದ ದಶಮಾಂಶ ಲೇವಿಯನ (ದೇವರ ಆಲಯದ ಸೇವೆಯ ಕುಲದವನ) ಜೊತೆ ಪರದೇಶಿ, ತಾಯಿತಂದೆ ಇಲ್ಲದವರು, ವಿಧವೆಯರು ಊರಲ್ಲೇ ಉಂಡು ತೃಪ್ತಿಯಾಗೋಕೆ. ನಾಲ್ಕು ಚೀಲವೂ ಸಭೆಯ ಕಟ್ಟಡಕ್ಕೇ ಹೋಗಿ ಪಕ್ಕದ ಮನೆಯ ವಿಧವೆ ಸೊಸೈಟಿ ಅಕ್ಕಿ ಕಾಯ್ತಾ ಕೂತಿದ್ರೆ ಮಲಾಕಿಯನ್ನ ಅರ್ಧವೇ ಓದಿದ ಹಾಗೆ. 3:5ರಲ್ಲೇ ಕೂಲಿಯವನ ಕೂಲಿ ಹಿಡಿದುಕೊಳ್ಳೋರ ಮಾತು ಬರುತ್ತೆ.

ಗಂಗಾವತಿ ಅಕ್ಕ

ಅದರ ಜೋಡಿ ಇದೂ ಸೇರಿಸ್ರಿ ಮೇಷ್ಟ್ರೇ. ದೇವರಿಗೆ ಮೊದಲ ಜಾಗ ಅಂತ ಹೇಳಿ ಮನಿ ಮಂದಿನ್ನ ಕೈಬಿಟ್ಟವರೂ ಅದಾರ. ರಾತ್ರಿಯೆಲ್ಲಾ ಕೂಟ, ಮುದುಕಿ ತಾಯಿಗೆ ಗುಳಿಗಿ ಕೊಡೋರಿಲ್ಲ. ಮಾರ್ಕ 7:11ರಾಗ ಕೊರ್ಬಾನ್, ಅಂದ್ರ ದೇವರಿಗೆ ಮುಡಿಪು, ಅಂತ ಹೇಳಿ ತಂದಿತಾಯಿ ಪಾಲು ತಪ್ಪಿಸೋರಿಗೆ ಯೇಸು ಏನಂದಾನ ನೋಡ್ರಿ. 1 ತಿಮೊಥೆ 5:8 ಇನ್ನೂ ಖಾರ ಐತಿ, ಮನಿ ಮಂದಿನ್ನ ನೋಡ್ಕೊಳ್ಳದವ ನಂಬಿಕಿ ಬಿಟ್ಟವ ಅಂತ. ಗಂಡಂದಿರು 1 ಪೇತ್ರ 3:7 ಓದ್ರಿ. ಹೆಂಡ್ತಿನ್ನ ಗೌರವದಿಂದ ನಡಸದಿದ್ರ ಪ್ರಾರ್ಥನಿಗೇ ಅಡ್ಡಿ ಅಂತ ಐತಿ. ಪ್ರಾರ್ಥನಿ ಯಾಕ ಒಣಗೇತಿ ಅಂತ ಕೇಳೋರು ಮೊದಲ ಅಡಿಗಿಮನಿಗೆ ಹೋಗಿ ಮಾತಾಡಿ ಬರ್ರಿ.

ಲಿಂಗಸುಗೂರು ನರ್ಸಮ್ಮ

ಒಣಗಿದ್ದಕ್ಕೆ ನಿದ್ದೆಗೇಡೂ ಕಾರಣ. ಸಿ ಶಿಫ್ಟ್ ವಾರದಲ್ಲಿ ಹಗಲು ನಾಲ್ಕು ತಾಸು ಮಾತ್ರ ಮಲಗಿ ವಾಕ್ಯ ತಲೆಗೆ ಹತ್ತಲ್ಲ ಅಂದ್ರೆ ಅದು ಆತ್ಮದ ರೋಗ ಅಲ್ಲ. ಕಿಟಕಿಗೆ ದಪ್ಪ ಪರದೆ ಹಾಕಿ ಮಲಗಿ. ಸಾಕಾಗಿ ಸಾಯಬೇಕು ಅಂತ ಮಲಗಿದ್ದ ಪ್ರವಾದಿ ಎಲೀಯನಿಗೂ ದೂತ ಮೊದಲು ಕೊಟ್ಟದ್ದು ರೊಟ್ಟಿ ನೀರು, ಮತ್ತೆ ಮಲಗೋಕೆ ಬಿಟ್ಟ. 1 ಅರಸು 19.

ಕೊಪ್ಪಳ ಮೇಷ್ಟ್ರು

ಮಾತು ಬರದ ದಿನ ಕೀರ್ತನೆ 13 ಅಥವಾ 88 ಗಟ್ಟಿಯಾಗಿ ಓದಿ ಆಮೆನ್ ಅನ್ನಿ, ಅದೇ ಪ್ರಾರ್ಥನೆ. 88 ಕತ್ತಲೆಯಲ್ಲೇ ಮುಗಿಯುತ್ತೆ, ಕೊನೆಗೆ ಸ್ತೋತ್ರದ ಮಾತೂ ಇಲ್ಲ. ಅದನ್ನೂ ಬೈಬಲ್ ಒಳಗೇ ಇಟ್ಟಿದ್ದಾರೆ.

ತೋರಣಗಲ್ಲು ಶಿಫ್ಟಿನವ

ಸರಿ. ಸೋಮವಾರದಿಂದ ಸಿ ಶಿಫ್ಟ್. 121 ಮತ್ತು 4, ಎದ್ದ ಮೇಲೆ ಒಂದು ಅಧ್ಯಾಯ. ಯಾವ ಸುವಾರ್ತೆ?

ಕೌಲ್ ಬಜಾರ್ ಓದುಗ

ಮಾರ್ಕ. 16 ಅಧ್ಯಾಯ, ದಿನಕ್ಕೊಂದು. 14ನೆಯದು 72 ವಚನ, ಅದನ್ನ ಎರಡು ದಿನ ಮಾಡಿ. ಅದಾದ ಮೇಲೆ ಲೂಕ, 24 ಅಧ್ಯಾಯ. ನಾಲ್ಕೂ ಸುವಾರ್ತೆ ಸೇರಿ 89 ಅಧ್ಯಾಯ, ಮೂರು ತಿಂಗಳ ಓದು. ಪುಸ್ತಕದಲ್ಲೇ ಓದಿ. ಫೋನಿನಲ್ಲಿ ಓದೋದಾದ್ರೆ ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲಾಂದ್ರೆ ಮೂರನೇ ವಚನಕ್ಕೆ ಶಿಫ್ಟ್ ಗ್ರೂಪಿನ ಮೆಸೇಜ್ ಬರುತ್ತೆ.